ಕರೆದರೆ ಏಳುವ ಕಾವಲು

ಚಾರ್ಜರ್ ಕಿತ್ತು, ವೈಫೈ ಆರಿಸಿ, ಪರದೆಯ ಬೆಳಕು ತಗ್ಗಿಸಿ, ಲಿನಕ್ಸ್ ಲ್ಯಾಪ್‌ಟಾಪನ್ನು ಅದರ ಪಾಡಿಗೆ ಬಿಟ್ಟು ನೋಡಬೇಕು. ನಾವು ಕೀಲಿ ಮುಟ್ಟದಿದ್ದರೂ ಒಳಗೆ ಓಡಾಟ ನಿಲ್ಲುವುದಿಲ್ಲ. ನಿದ್ದೆಗಿಳಿದ ಪ್ರೊಸೆಸರನ್ನು ಸೆಕೆಂಡಿಗೆ ಎಷ್ಟು ಸಲ, ಯಾರು ಎಬ್ಬಿಸಿದರು ಎಂಬುದನ್ನು ಪವರ್‌ಟಾಪ್ ಹೆಸರು ಹಿಡಿದು ತೋರಿಸುತ್ತದೆ. ಇಂಟೆಲ್‌ನಿಂದ ಇದು ಬಂದದ್ದು 2007ರಲ್ಲಿ. ಅದೇ ವರ್ಷದ 2.6.21 ಕರ್ನೆಲ್ ಕೆಲಸವಿಲ್ಲದಾಗ ಗಡಿಯಾರದ ಟಿಕ್ಕನ್ನೂ ನಿಲ್ಲಿಸಿ ಮಲಗುವುದನ್ನು ಕಲಿತಿತ್ತು. ಆ ನಿಶ್ಶಬ್ದದಲ್ಲಿ ಎಬ್ಬಿಸುವವರ ಸದ್ದು ಬೇರೆಯಾಗಿ ಕೇಳತೊಡಗಿತು.

ಎಬ್ಬಿಸುವವರಲ್ಲಿ ಹಿನ್ನೆಲೆಯಲ್ಲಿ ಓಡುವ ಕಾವಲು ಸೇವೆಗಳೂ ಇವೆ. ಬ್ಯಾಟರಿ ಕಾಯುವುದು ಯುಪವರ್. ಬಿಸಿ ಕಾಯುವುದು ಥರ್ಮಲ್‌ಡಿ. ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯಲು ಮದರ್‌ಬೋರ್ಡಿನಲ್ಲಿರುವ ಪುಟ್ಟ ನಿಯಂತ್ರಕವನ್ನು ಕೇಳಬೇಕು; ಕೇಳುವುದಕ್ಕೂ ವಿದ್ಯುತ್ ಬೇಕು. ಹಕ್ಕಿ ನೋಡಹೋದವನ ಹೆಜ್ಜೆಸಪ್ಪಳಕ್ಕೇ ಹಕ್ಕಿ ಹಾರಿದಂತೆ. ಅದಕ್ಕೇ ಅಳತೆಯ ಹೊತ್ತಿಗೆ ಯುಪವರನ್ನು ತುಸು ಸುಮ್ಮನಿರಿಸಬೇಕೆನ್ನಿಸುತ್ತದೆ.

ಇಲ್ಲಿಂದ ಮುಂದಿನದನ್ನು ತಾಳ್ಮೆಯಿಂದ ಗಮನಿಸಬೇಕು. ಸೇವೆಗಳನ್ನು ಎಬ್ಬಿಸಿ ನಿಲ್ಲಿಸುವ ಸಿಸ್ಟಮ್‌ಡಿಗೆ ‘ಸ್ಟಾಪ್’ ಎಂದರೆ ಯುಪವರ್ ನಿಲ್ಲುತ್ತದೆ. ಆದರೆ ಫಲಕದ ಬ್ಯಾಟರಿ ಚಿತ್ರವೋ ಇನ್ನಾವುದೋ ಪ್ರೋಗ್ರಾಮೋ, ಪ್ರೋಗ್ರಾಮುಗಳು ಪರಸ್ಪರ ಮಾತಾಡುವ ಡಿ-ಬಸ್ ಮೂಲಕ ಅದರ ಹೆಸರು ಕರೆದದ್ದೇ ತಡ, ಮತ್ತೆ ಎದ್ದು ಕೂರುತ್ತದೆ, ಹೊಸ ಪ್ರಕ್ರಿಯಾ ಸಂಖ್ಯೆಯೊಂದಿಗೆ. ‘ಡಿಸೇಬಲ್’ ಎಂದರೂ ಇದೇ ಕಥೆ: ಬೂಟ್ ಆಗುವಾಗ ತಾನಾಗಿ ಏಳದು, ಕರೆದರೆ ಏಳುತ್ತದೆ. ಕರೆಯೇ ಮುಟ್ಟದಂತೆ ಮಾಡುವುದು ‘ಮಾಸ್ಕ್’ ಮಾತ್ರ. ಅದು ಸೇವೆಯ ಹೆಸರನ್ನು ಒಂದು ಕೊಂಡಿಯ ಮೂಲಕ ಶೂನ್ಯದ ಕಡೆಗೆ ತಿರುಗಿಸಿಬಿಡುತ್ತದೆ. ಜೊತೆಗೆ ‘ರನ್‌ಟೈಮ್’ ಎಂದು ಸೇರಿಸಿದರೆ ಆ ಕೊಂಡಿ ಮೆಮೊರಿಯಲ್ಲಷ್ಟೇ ಇರುತ್ತದೆ. ತಾತ್ಕಾಲಿಕ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಮೊದಲು ಮಾಸ್ಕ್, ಆಮೇಲೆ ಸ್ಟಾಪ್; ಹಿಂದುಮುಂದಾದರೆ ನಡುವಿನ ಸಂದಿನಲ್ಲೇ ಅದು ಎದ್ದಿರಬಹುದು.

ಈಗ ಪರದೆಯ ಮೂಲೆಯಲ್ಲಿದ್ದ ಬ್ಯಾಟರಿ ಚಿತ್ರ ಮಾಯವಾಗಬಹುದು. ಬ್ಯಾಟರಿಯ ಅಂಕಿಗಳೇನೂ ಮಾಯವಾಗಿಲ್ಲ. ಸಿಸ್ ಫೋಲ್ಡರಿನೊಳಗಿನ ಪವರ್ ಸಪ್ಲೈಯಲ್ಲಿ ಕರ್ನೆಲ್ ಅವನ್ನು ಕೇಳಿದವರಿಗೆ ಕೊಡುತ್ತಲೇ ಇರುತ್ತದೆ. ಪ್ರೊಸೆಸರ್ ಅತಿಯಾಗಿ ಕಾದರೆ, ಥರ್ಮಲ್‌ಡಿ ಇರಲಿ ಬಿಡಲಿ, ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಮುಚ್ಚಳ ಮುಚ್ಚಿದಾಗ ಯಂತ್ರವನ್ನು ಮಲಗಿಸುವ ಲಾಗಿನ್‌ಡಿಯೂ ಎಚ್ಚರವಾಗಿಯೇ ಇದೆ. ಪವರ್‌ಟಾಪಿನ ಪಟ್ಟಿಯಲ್ಲೂ ದೊಡ್ಡ ಬದಲಾವಣೆ ಕಾಣುವುದು ಅಪರೂಪ; ತೆರೆದಿಟ್ಟ ಬ್ರೌಸರ್ ಯುಪವರ್‌ಗಿಂತ ಎಷ್ಟೋ ಹೆಚ್ಚು ಸಲ ಪ್ರೊಸೆಸರನ್ನು ಎಬ್ಬಿಸುತ್ತಿರುತ್ತದೆ.

ಕಾವಲಿಲ್ಲದೆ ಉಳಿಯುವ ಜಾಗ ಬ್ಯಾಟರಿಯ ತಳ. ಸಾಮಾನ್ಯ ಹೊಂದಿಕೆಯಲ್ಲಿ ಚಾರ್ಜ್ ಶೇ. 2ಕ್ಕೆ ಇಳಿದಾಗ ಯಂತ್ರವನ್ನು ಮಲಗಿಸುವುದೋ ಆರಿಸುವುದೋ ಯುಪವರ್‌ನ ಹೊಣೆ. ಅದಿಲ್ಲದಿದ್ದರೆ ಉಳಿಸದ ಬರಹ, ಅರ್ಧ ಬರೆದ ಕಡತ, ಎಲ್ಲವೂ ವಿದ್ಯುತ್ತಿನ ಜೊತೆಗೇ ಹೋಗುತ್ತವೆ. ಹಾಗಾಗಿ ಅರ್ಧಕ್ಕಿಂತ ಹೆಚ್ಚು ಚಾರ್ಜ್ ಇರುವಾಗಲೇ ಅಳತೆ ಶುರುಮಾಡಿ, ತಳ ಮುಟ್ಟುವ ಬಹಳ ಮೊದಲೇ ‘ಅನ್‌ಮಾಸ್ಕ್’ ಮಾಡುವುದು ಕ್ಷೇಮ. ಮರೆತರೂ, ಯಂತ್ರ ಮತ್ತೆ ಬೂಟ್ ಆದಾಗ ರನ್‌ಟೈಮ್ ಕೊಂಡಿ ಅಳಿಸಿಹೋಗಿ ಯುಪವರ್ ಕೆಲಸಕ್ಕೆ ಮರಳುತ್ತದೆ.