ಬೇಸಾಯದ ಕೆಲಸಗಾರರಿಗೆ ಕಿರುಪಾಠಗಳನ್ನು ಆರಿಸುವ ಬಗೆ

ವ್ಯವಸಾಯವು ಪುಸ್ತಕದಿಂದ ಬರತಕ್ಕ ವಿದ್ಯೆಯಲ್ಲವೆಂದೂ ಕೈಯಿಂದ ಕೈಗೆ ಬರತಕ್ಕದ್ದೆಂದೂ ಹಿಂದಿನಿಂದ ಹೇಳುತ್ತ ಬಂದಿರುವರು. ಈ ಮಾತಿನಲ್ಲಿ ಬಹುಮಟ್ಟಿಗೆ ಸತ್ಯವುಂಟು. ಆದರೆ ತಂದೆಯ ಕಾಲದಲ್ಲಿ ಇಲ್ಲದಿದ್ದ ಔಷಧಗಳೂ ಯಂತ್ರಗಳೂ ತಳಿಗಳೂ ಹೊಲಕ್ಕೆ ಬಂದಿರುವಾಗ, ತಂದೆಯ ಕೈಯಿಂದ ಮಗನ ಕೈಗೆ ಬರುವ ವಿದ್ಯೆಯೊಂದೇ ಸಾಲದು. ಈ ಕೊರತೆಯನ್ನು ತುಂಬುವುದಕ್ಕಾಗಿ ಕೃಷಿ ಇಲಾಖೆಗಳೂ ವಿಶ್ವವಿದ್ಯಾನಿಲಯಗಳೂ, 1974ರಲ್ಲಿ ಪುದುಚೇರಿಯಲ್ಲಿ ಮೊಟ್ಟಮೊದಲು ಆರಂಭವಾದ ಕೃಷಿ ವಿಜ್ಞಾನ ಕೇಂದ್ರಗಳೂ ಪಾಠಗಳನ್ನು ನಡೆಸುತ್ತಿವೆ. ಮೊಬೈಲ್ ಫೋನಿನ ಮೂಲಕ ಐದು ಹತ್ತು ನಿಮಿಷಗಳ ಚಿತ್ರಪಾಠಗಳು ಹಗಲಿರುಳೂ ದೊರೆಯುತ್ತವೆ. ಆದುದರಿಂದ ಈಗಿನ ತೊಂದರೆಯು ಪಾಠವು ದೊರೆಯದಿರುವುದಲ್ಲ. ದೊರೆತುದರಲ್ಲಿ ಯಾವುದನ್ನು, ಯಾರಿಗೆ, ಯಾವಾಗ ಕಲಿಸತಕ್ಕದ್ದೆಂಬುದನ್ನು ಗೊತ್ತುಮಾಡಿಕೊಳ್ಳದಿರುವುದು.

ಈ ಆಯ್ಕೆಯಲ್ಲಿ ಅಲಕ್ಷ್ಯಮಾಡಿದರೆ ಆಗುವ ನಷ್ಟವು ಹಣದ್ದು ಮಾತ್ರವಲ್ಲ. 2017ನೆಯ ಇಸವಿಯ ಮಳೆಗಾಲದಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯ ಹತ್ತಿಯ ಹೊಲಗಳಲ್ಲಿ ಕೀಟನಾಶಕಗಳನ್ನು ಸಿಂಪಡಿಸುತ್ತಿದ್ದವರ ಪೈಕಿ ನೂರಾರು ಮಂದಿ ವಿಷವೇರಿ ಆಸ್ಪತ್ರೆಗಳನ್ನು ಸೇರಿದರು. ಇಪ್ಪತ್ತಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಇವರಲ್ಲಿ ಅನೇಕರು ದಿನಗೂಲಿಯವರು. ಔಷಧದ ಡಬ್ಬಿಯ ಮೇಲೆ ಅಚ್ಚಾಗಿರುವ ಎಚ್ಚರಿಕೆಯನ್ನು ಓದಲು ಬಾರದವನಿಗೂ ಅಪಾಯವು ತಿಳಿಯಲೆಂದೇ ಸರ್ಕಾರದವರು ಬಣ್ಣದ ತ್ರಿಕೋನಗಳನ್ನು ಗೊತ್ತುಮಾಡಿರುವರು. ಕೆಂಪು ಅತ್ಯಂತ ವಿಷಯುಕ್ತವಾದುದು. ಅದರ ಕೆಳಗೆ ಹಳದಿ, ಅನಂತರ ನೀಲಿ, ಕೊನೆಯದು ಹಸಿರು. ಹಳದಿಯು ನೀಲಿಗಿಂತ ಹೆಚ್ಚು ವಿಷವುಳ್ಳದ್ದೆಂಬುದು ಯಾರಿಗೂ ತಾನಾಗಿ ಹೊಳೆಯುವುದಿಲ್ಲ. ಹಸಿರೆಂದರೆ ನಿರಪಾಯವೆಂದು ಭಾವಿಸುವವರೂ ಇದ್ದಾರೆ, ಅದೂ ವಿಷವೇ. ಇದನ್ನು ನಾಲ್ಕು ಖಾಲಿ ಡಬ್ಬಿಗಳ ಚೀಟಿಗಳನ್ನಿಟ್ಟು ತೋರಿಸುವುದಕ್ಕೆ ಐದು ನಿಮಿಷ ಸಾಕು. ಇಷ್ಟು ಚಿಕ್ಕ ಪಾಠವನ್ನು ಬಿಟ್ಟು, ಅದೇ ಕೂಲಿಗಾರನನ್ನು ಅರ್ಧ ದಿನ ಕೂರಿಸಿ ಕೀಟಗಳ ಜೀವನ ಚರಿತ್ರೆಯನ್ನು ಉಪನ್ಯಾಸಮಾಡುವ ಪದ್ಧತಿಯು ಇನ್ನೂ ಅಲ್ಲಲ್ಲಿ ಉಳಿದಿದೆ.

ಕಿರುಪಾಠವೆಂದರೆ ದೊಡ್ಡ ಪಾಠವನ್ನು ಕತ್ತರಿಸಿದ ತುಂಡಲ್ಲ. ನಾಳೆಯೋ ಈ ವಾರದಲ್ಲಿಯೋ ಮಾಡಬೇಕಾಗಿರುವ ಒಂದು ಕೆಲಸ, ಆ ಕೆಲಸದಲ್ಲಿ ಕೈ ತಪ್ಪುವ ಒಂದು ಸ್ಥಳ, ತಪ್ಪಿತೋ ಇಲ್ಲವೋ ಎಂಬುದನ್ನು ಮೇಲ್ವಿಚಾರಕನನ್ನು ಕೇಳದೆ ಕೆಲಸಗಾರನು ತಾನೇ ಕಂಡುಕೊಳ್ಳತಕ್ಕ ಒಂದು ಗುರುತು — ಇವು ಮೂರೂ ಕೂಡಿದ್ದರೆ ಅದು ಪಾಠವಾಗುವುದು. ಇವುಗಳಲ್ಲಿ ಕಡೆಯದೇ ಮುಖ್ಯವಾದುದು. ಸಾಮಾನ್ಯವಾಗಿ ಮರೆತುಹೋಗುವುದೂ ಅದೇ.

ಇದಕ್ಕೆ ಮಲೆನಾಡಿನ ಅಡಿಕೆಯ ತೋಟಗಳಿಗಿಂತ ಒಳ್ಳೆಯ ನಿದರ್ಶನವು ದೊರೆಯಲಾರದು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಅಡಿಕೆಯ ಕೊಳೆರೋಗದ ಕಾರಣವನ್ನು ಶೋಧಿಸಿ, ಅದಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ಅದುವರೆಗೆ ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುವುದೇ ರೂಢಿಯಾಗಿತ್ತು. ಹೊಸ ಕ್ರಮವನ್ನು ಕಾಗದದ ಮೇಲೆ ಬರೆದರೆ ಅರ್ಧ ಪುಟವೂ ಆಗದು. ಒಂದು ಕಿಲೋ ಮೈಲುತುತ್ತವನ್ನು ಐವತ್ತು ಲೀಟರ್ ನೀರಿನಲ್ಲಿಯೂ, ಒಂದು ಕಿಲೋ ಒಳ್ಳೆಯ ಸುಟ್ಟ ಸುಣ್ಣವನ್ನು ಬೇರೆ ಐವತ್ತು ಲೀಟರ್ ನೀರಿನಲ್ಲಿಯೂ ಕರಗಿಸಿ ಶೋಧಿಸಿ, ಎರಡನ್ನೂ ಒಟ್ಟಿಗೆ ಮೂರನೆಯ ಪಾತ್ರೆಗೆ ಸುರಿಯುತ್ತ ಕದಡುತ್ತಿರಬೇಕು. ಪಾತ್ರೆಯು ಮಣ್ಣಿನದೋ ಮರದ್ದೋ ಪ್ಲಾಸ್ಟಿಕ್ಕಿನದೋ ಆಗಬೇಕಲ್ಲದೆ ಕಬ್ಬಿಣದ್ದಾಗಕೂಡದು. ಆ ದಿನ ಮಾಡಿದ್ದನ್ನು ಆ ದಿನವೇ ಮುಗಿಸಬೇಕು.

ಇಷ್ಟೂ ಹೇಳಿದ ಮೇಲೆಯೂ ದ್ರಾವಣವು ಕೆಡುವುದುಂಟು. ಏಕೆಂದರೆ ಸುಣ್ಣವು ಹಳೆಯದಾಗಿ ಗಾಳಿಗೆ ಪುಡಿಯಾಗಿದ್ದರೆ ತೂಕದಲ್ಲಿ ಸರಿಯಾಗಿದ್ದರೂ ಗುಣದಲ್ಲಿ ಸಾಲದೆ ಬರುವುದು. ಆಗ ಮಿಕ್ಕುಳಿದ ತಾಮ್ರವು ಎಳೆಯ ಕಾಯನ್ನೂ ಎಲೆಯನ್ನೂ ಸುಡುವುದು. ಕೈ ತಪ್ಪುವ ಸ್ಥಳವು ಇದೇ. ಇದರ ಗುರುತು ಕೊನೆಗಾರನ ಸೊಂಟದಲ್ಲಿಯೇ ಇದೆ. ಮಸೆದು ಹೊಳಪಾದ ಕತ್ತಿಯ ಬಾಯನ್ನು ದ್ರಾವಣದಲ್ಲಿ ಕೆಲವು ನಿಮಿಷ ಅದ್ದಿಟ್ಟು ಎತ್ತಿದರೆ, ಕಬ್ಬಿಣದ ಮೇಲೆ ಕೆಂಪು ಬಣ್ಣದ ಪೊರೆಯು ಕಟ್ಟಿದ್ದಲ್ಲಿ ಸುಣ್ಣವು ಸಾಲದೆಂದು ಅರ್ಥ. ಕೆಂಪು ಕಾಣದಾಗುವವರೆಗೆ ಸುಣ್ಣದ ನೀರನ್ನು ಸೇರಿಸುತ್ತ ಹೋಗತಕ್ಕದ್ದು. ಈ ಪರೀಕ್ಷೆಗೆ ಅಕ್ಷರ ಬೇಡ, ತಕ್ಕಡಿ ಬೇಡ, ಅಧಿಕಾರಿಯೂ ಬೇಡ. ಅಳತೆಯನ್ನು ಬಾಯಿಪಾಠಮಾಡಿದವನು ಸುಣ್ಣವು ಬದಲಾದೊಡನೆ ತಪ್ಪುವನು. ಕತ್ತಿಯನ್ನು ಅದ್ದಿ ನೋಡಲು ಕಲಿತವನು ಯಾವ ಅಂಗಡಿಯ ಸುಣ್ಣವನ್ನು ತಂದುಕೊಟ್ಟರೂ ದ್ರಾವಣವನ್ನು ಸರಿಪಡಿಸಿಕೊಳ್ಳುವನು. ಹತ್ತು ನಿಮಿಷಗಳ ಪಾಠವೊಂದನ್ನು ಮಾತ್ರ ಆರಿಸಲು ಅವಕಾಶವಿದ್ದರೆ ಅಡಿಕೆಯ ಸೀಮೆಯಲ್ಲಿ ಇದನ್ನೇ ಆರಿಸತಕ್ಕದ್ದು.

ಕೆಲಸವನ್ನು ಹೀಗೆ ಬಿಡಿಸಿ, ತಪ್ಪುವ ಸ್ಥಳವನ್ನು ಹುಡುಕುವ ವಿಧಾನವನ್ನು ಕಾರ್ಖಾನೆಗಳವರು ಬಹಳ ಶ್ರಮಪಟ್ಟು ರೂಢಿಸಿಕೊಂಡರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಕೆಲಸವನ್ನೇ ಅರಿಯದ ಲಕ್ಷಾಂತರ ಹೊಸಬರು ಬಂದು ಸೇರಿದಾಗ, 1940ರಿಂದ 1945ರವರೆಗೆ ಅಲ್ಲಿನ ಸರ್ಕಾರದವರು ಮೇಸ್ತ್ರಿಗಳಿಗೆ ಕಲಿಸುವ ಕಲೆಯನ್ನೇ ಕಲಿಸಿದರು. ಪಾಠವು ಎರಡೆರಡು ಗಂಟೆಗಳ ಐದು ಬೈಠಕ್ಕುಗಳು, ಒಟ್ಟು ಹತ್ತು ಗಂಟೆ ಮಾತ್ರ. ಪ್ರತಿಯೊಬ್ಬ ಮೇಸ್ತ್ರಿಯೂ ತನ್ನ ಕಾರ್ಖಾನೆಯ ಒಂದು ನಿಜವಾದ ಕೆಲಸವನ್ನು ತಂದು, ಅದರ ಮೆಟ್ಟಲುಗಳನ್ನೂ ಪ್ರತಿ ಮೆಟ್ಟಲಿನಲ್ಲಿ ಮರೆಯಬಾರದ ಅಂಶವನ್ನೂ ಬರೆದುಕೊಂಡು, ಎಲ್ಲರೆದುರಿಗೆ ಕಲಿಸಿ ತೋರಿಸಬೇಕಾಗಿದ್ದಿತು. ಮೊದಲು ಕಲಿಯುವವನನ್ನು ಸಿದ್ಧಪಡಿಸುವುದು, ಆಮೇಲೆ ಮಾಡಿ ತೋರಿಸುವುದು, ಅನಂತರ ಅವನಿಂದ ಮಾಡಿಸುವುದು, ಕಡೆಗೆ ಅವನನ್ನು ಕೆಲಸಕ್ಕೆ ಬಿಟ್ಟು ಆಗಾಗ ಬಂದು ನೋಡುವುದು. ಹೊಲದಲ್ಲಿ ಪಾಠ ಹೇಳುವವರು ಎರಡನೆಯದನ್ನು ಚೆನ್ನಾಗಿ ಮಾಡುವರು, ಮೂರನೆಯದಕ್ಕೆ ಹೊತ್ತಾಯಿತೆನ್ನುವರು, ನಾಲ್ಕನೆಯದನ್ನು ಮರೆಯುವರು.

ಬೆನ್ನಿಗೆ ಹೊರುವ ಸಿಂಪರಣಾ ಯಂತ್ರದ ವಿಷಯದಲ್ಲಿ ಈ ಮರೆವು ಬಹು ದುಬಾರಿಯಾದುದು. ಔಷಧದ ಚೀಟಿಯಲ್ಲಿ ಎಕರೆಗೆ ಇಷ್ಟೆಂದು ಬರೆದಿರುತ್ತದೆ. ಕೂಲಿಗಾರನು ಶೀಶೆಯ ಮುಚ್ಚಳದಲ್ಲಿ ಅಳೆಯುತ್ತಾನೆ. ಒಂದು ಕಂಪೆನಿಯ ಮುಚ್ಚಳವು ಮತ್ತೊಂದರಂತಿರುವುದಿಲ್ಲ. ಒಬ್ಬನ ನಡಿಗೆಯು ಮತ್ತೊಬ್ಬನದರಂತಿರುವುದಿಲ್ಲ. ಇದಕ್ಕೆ ಗುಂಟೆಯ ಲೆಕ್ಕವು ಬಹಳ ಸುಲಭವಾದ ಉಪಾಯ. ಮೂವತ್ತಮೂರು ಅಡಿ ಉದ್ದ, ಅಷ್ಟೇ ಅಗಲದ ಒಂದು ಗುಂಟೆ ನೆಲವನ್ನು ಗೂಟ ನೆಟ್ಟು ಗುರುತಿಸಿ, ಬರಿಯ ನೀರನ್ನು ಅಳೆದು ತುಂಬಿ, ಕೂಲಿಗಾರನು ತನ್ನ ಎಂದಿನ ನಡಿಗೆಯಲ್ಲಿಯೇ ಸಿಂಪಡಿಸಿ ಮುಗಿಸಲಿ. ಉಳಿದ ನೀರನ್ನು ಅಳೆದರೆ ಖರ್ಚಾದುದು ತಿಳಿಯುವುದು. ಐದು ಲೀಟರ್ ಖರ್ಚಾಗಿದ್ದರೆ, ನಲವತ್ತು ಗುಂಟೆಯ ಎಕರೆಗೆ ಇನ್ನೂರು ಲೀಟರ್ ಆಯಿತು. ಹದಿನಾರು ಲೀಟರಿನ ಯಂತ್ರವಾದರೆ ಎಕರೆಗೆ ಹನ್ನೆರಡೂವರೆ ತುಂಬು. ಚೀಟಿಯಲ್ಲಿ ಎಕರೆಗೆ 400 ಮಿಲಿಲೀಟರ್ ಎಂದಿದ್ದರೆ ಪ್ರತಿ ತುಂಬಿಗೆ 32 ಮಿಲಿಲೀಟರ್ ಬೀಳಬೇಕು. ಈ ಒಂದು ಅಂಕಿಯನ್ನು ಯಂತ್ರದ ಮೇಲೆಯೇ ಬಣ್ಣದಿಂದ ಬರೆದು, ಅಳತೆಯ ಲೋಟವೊಂದನ್ನು ಅದಕ್ಕೆ ಕಟ್ಟಿಬಿಟ್ಟರೆ ಆ ಬೆಳೆ ಮುಗಿಯುವವರೆಗೆ ಮತ್ತೆ ಲೆಕ್ಕವಿಲ್ಲ. ಔಷಧವಾಗಲಿ, ಮೂತಿಯಾಗಲಿ, ಸಿಂಪಡಿಸುವ ಆಳಾಗಲಿ ಬದಲಾದಾಗ ಮಾತ್ರ ಪುನಃ ಅಳೆಯತಕ್ಕದ್ದು. ಬರಿಯ ನೀರಿನಿಂದ ನಡೆಯುವ ಪಾಠವಾದುದರಿಂದ ಕಲಿಯುವಾಗ ತಪ್ಪಿದರೂ ಯಾರಿಗೂ ಅಪಾಯವಿಲ್ಲವೆಂಬುದು ಇದರ ವಿಶೇಷ ಗುಣ.

ಪಾಠದ ಕಾಲವನ್ನು ಮಳೆಯ ನಕ್ಷತ್ರಗಳೇ ಗೊತ್ತುಮಾಡುವುವು. ಬಿತ್ತನೆಯ ಬೀಜದ ಮೊಳಕೆಯನ್ನು ಪರೀಕ್ಷಿಸುವ ಪಾಠವನ್ನು ಬಿತ್ತುವ ದಿನ ಹೇಳಿ ಪ್ರಯೋಜನವಿಲ್ಲ. ನೂರು ಕಾಳುಗಳನ್ನು ಎಣಿಸಿ ಒದ್ದೆಯ ಗೋಣಿಯಲ್ಲಿ ಸುತ್ತಿಟ್ಟು ವಾರದ ಮೇಲೆ ಬಿಚ್ಚಿ ನೋಡಿದಾಗ, ಭತ್ತದಲ್ಲಿ ಎಂಬತ್ತಕ್ಕೂ ರಾಗಿಯಲ್ಲಿ ಎಪ್ಪತ್ತೈದಕ್ಕೂ ಕಡಮೆಯಾಗಿದ್ದರೆ ಬೇರೆ ಬೀಜವನ್ನು ತರಲು ಕಾಲಾವಕಾಶವಿರಬೇಕು. ಹಾಗೆಂದು ಬಹಳ ಮುಂಚಿತವಾಗಿ ಹೇಳಿದರೆ ಮರೆತುಹೋಗುವುದು. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ಪಂಡಿತನು ಅರ್ಥವಿಲ್ಲದ ಶಬ್ದಗಳನ್ನು ತಾನೇ ಉರುಹೊಡೆದು, ಕಲಿತುದು ಮೊದಲಿನ ಕೆಲವು ಗಂಟೆಗಳಲ್ಲಿಯೇ ಬಹುಪಾಲು ಜಾರಿಹೋಗುವುದೆಂದು 1885ರಲ್ಲಿ ಪ್ರಕಟಿಸಿದನು. ಅರ್ಥವುಳ್ಳ ಕೆಲಸವು ಅಷ್ಟು ಬೇಗ ಮರೆಯುವುದಿಲ್ಲವಾದರೂ, ಒಂದೇ ದಿನ ಐದು ಪಾಠಗಳನ್ನು ಹೇಳುವುದಕ್ಕಿಂತ ಒಂದನ್ನೇ ಬಿಡುವು ಕೊಟ್ಟು ಮೂರು ಸಲ ಮಾಡಿಸುವುದು ಮೇಲು.

ಪಾಠವನ್ನು ಆರಿಸತಕ್ಕವರು ಯಾರೆಂಬ ವಿಷಯದಲ್ಲಿ ಹಿಂದೆ ಎರಡು ಬಗೆಯ ಪ್ರಯೋಗಗಳು ನಡೆದಿವೆ. 1970ರ ದಶಕದಲ್ಲಿ ವಿಶ್ವ ಬ್ಯಾಂಕಿನ ನೆರವಿನಿಂದ ಭಾರತದಲ್ಲಿ ಹಬ್ಬಿದ ತರಬೇತಿ ಮತ್ತು ಭೇಟಿ ಪದ್ಧತಿಯಲ್ಲಿ, ಡೇನಿಯಲ್ ಬೆನೋರರ ಯೋಜನೆಯಂತೆ, ಗ್ರಾಮದ ಕಾರ್ಯಕರ್ತರು ನಿಯಮಿತವಾಗಿ ಕೆಲವೇ ಅಂಶಗಳನ್ನು ಕಲಿತು, ಗೊತ್ತಾದ ದಿನ ಗೊತ್ತಾದ ರೈತರಿಗೆ ತಿಳಿಸುತ್ತಿದ್ದರು. ಕೆಲವೇ ಅಂಶಗಳೆಂಬುದು ಒಳ್ಳೆಯ ನಿಯಮವೇ. ಆದರೆ ಅವು ಮೇಲಿನಿಂದ ಬರುತ್ತಿದ್ದುದರಿಂದ ಕೆರೆಯ ಕೆಳಗಿನ ಗದ್ದೆಗೂ ಮಳೆಯನ್ನೇ ನಂಬಿದ ಹೊಲಕ್ಕೂ ಒಂದೇ ಪಾಠವಾಗುತ್ತಿದ್ದುದುಂಟು. ಇಂಡೋನೇಷ್ಯದಲ್ಲಿ ಬೇರೆ ದಾರಿಯನ್ನು ಹಿಡಿದರು. ಕೀಟನಾಶಕಗಳು ಉಪಕಾರಿ ಜೇಡಗಳನ್ನೂ ಹುಳುಗಳನ್ನೂ ಕೊಂದುದರಿಂದ ಕಂದು ಜಿಗಿಹುಳುವು ಪ್ರಬಲಿಸಿ ಭತ್ತವು ನಾಶವಾಗುತ್ತಿರಲು, ಅಲ್ಲಿನ ಸರ್ಕಾರವು 1986ರಲ್ಲಿ 57 ಬಗೆಯ ಔಷಧಗಳನ್ನು ಭತ್ತಕ್ಕೆ ನಿಷೇಧಿಸಿತು. 1989ರಲ್ಲಿ ರೈತ ಕ್ಷೇತ್ರ ಪಾಠಶಾಲೆಗಳು ಆರಂಭವಾದುವು. ವಾರಕ್ಕೊಮ್ಮೆ ಬೆಳಗಿನಲ್ಲಿ ರೈತರು ಗದ್ದೆಗಿಳಿದು ಹುಳುಗಳನ್ನು ಎಣಿಸಿ, ಕಂಡುದನ್ನು ಚಿತ್ರವಾಗಿ ಬರೆದು, ಆ ವಾರ ಏನು ಮಾಡಬೇಕೆಂಬುದನ್ನು ತಾವೇ ಚರ್ಚಿಸಿ ತೀರ್ಮಾನಿಸುತ್ತಿದ್ದರು. ಪೈರಿನ ಆ ವಾರದ ಸ್ಥಿತಿಯೇ ಆ ವಾರದ ಪಾಠವನ್ನು ಆರಿಸುತ್ತಿದ್ದಿತು.

ಚಿತ್ರಪಾಠಗಳ ವಿಷಯದಲ್ಲಿ ಒಂದು ಮಾತು. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದಲ್ಲಿ ಮೊದಲಾದ ಡಿಜಿಟಲ್ ಗ್ರೀನ್ ಎಂಬ ಪ್ರಯೋಗವು ಕರ್ನಾಟಕದ ಕೆಲವು ಹಳ್ಳಿಗಳಲ್ಲಿಯೇ ಪ್ರಥಮತಃ ನಡೆಯಿತು. ಅದರಲ್ಲಿ ಸುತ್ತಮುತ್ತಣ ರೈತರೇ ಕೆಲಸ ಮಾಡುತ್ತಿರುವುದನ್ನು ಚಿತ್ರಿಸಿ, ಚಿಕ್ಕ ಗುಂಪುಗಳಿಗೆ ತೋರಿಸುತ್ತಿದ್ದರು. ಜೊತೆಯಲ್ಲಿ ಒಬ್ಬ ಹಳ್ಳಿಯವನಿದ್ದು, ನಡುನಡುವೆ ಚಿತ್ರವನ್ನು ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದನು. ನೋಡುವವರು ಕೇಳುತ್ತಿದ್ದ ಮೊದಲ ಸಂಗತಿಗಳು ಅವನು ಯಾವ ಊರಿನವನು, ಯಾರ ಮಗನು ಎಂಬ ಬಗೆಯವು. ಇದು ಹಳ್ಳಿಯನ್ನು ಬಲ್ಲವರಿಗೆ ಆಶ್ಚರ್ಯವಲ್ಲ. ಒಬ್ಬೊಬ್ಬರೇ ಮಲಗಿಕೊಂಡು ನೋಡುವ ಚಿತ್ರಗಳನ್ನು ಆರಿಸುವಾಗಲೂ ನೆಲ, ಮಳೆ, ಬೆಳೆಯ ತಳಿ ತಮ್ಮ ಊರಿಗೆ ಹೊಂದುವುವೇ ಎಂದು ಮೊದಲು ನೋಡತಕ್ಕದ್ದು. ಚಿತ್ರವನ್ನು ಮಾಡಿದವರು ಔಷಧವನ್ನು ಮಾರುವವರೇ ಎಂಬುದನ್ನೂ ನೋಡತಕ್ಕದ್ದು.

ಇನ್ನೊಂದು ಅಲಕ್ಷ್ಯವನ್ನು ಹೇಳದೆ ಬಿಡುವುದು ಸರಿಯಲ್ಲ. ನಾಟಿ, ಕಳೆ, ಬೀಜ ಆರಿಸುವುದು, ಕಾಳು ಹಸನುಮಾಡುವುದು ಇವುಗಳನ್ನು ಬಹುಮಟ್ಟಿಗೆ ಹೆಂಗಸರೇ ಮಾಡುವರು. ಪಾಠಕ್ಕೆ ಕರೆಯುವಾಗ ಮಾತ್ರ ಪಹಣಿಯಲ್ಲಿ ಯಾರ ಹೆಸರಿದೆಯೋ ಅವರನ್ನು ಕರೆಯುವರು. ಎಷ್ಟು ಅಂತರಕ್ಕೆ ಸಸಿಯಿಡಬೇಕೆಂಬುದನ್ನು ಕೇಳಿ ತಿಳಿದವನು ಬದುವಿನ ಮೇಲೆ ನಿಂತಿರುತ್ತಾನೆ. ಸಸಿಯಿಡುವವಳು ಅದನ್ನು ಕೇಳಿಯೇ ಇಲ್ಲ. ಅವಳ ಬಿಡುವು ಮಧ್ಯಾಹ್ನದ ಬುತ್ತಿಯ ಹೊತ್ತು. ಪಾಠವು ಅಲ್ಲಿಗೇ ಹೋಗಬೇಕು, ಅದಕ್ಕಾಗಿ ಕೂಲಿಯನ್ನು ಮುರಿಯಕೂಡದು.

ಕಲಿತವನು ಹೆಚ್ಚು ಕೂಲಿ ಕೇಳುವನು, ಇಲ್ಲವೇ ಬಿಟ್ಟುಹೋಗುವನೆಂದು ಒಡೆಯರಲ್ಲಿ ಕೆಲವರು ಹಿಂಜರಿಯುವರು. ಕೇಳುವುದು ನ್ಯಾಯವೇ ಆಗಿದೆ. ಮರ ಹತ್ತುವವರೇ ದೊರೆಯದಾದಾಗ ತೆಂಗು ಅಭಿವೃದ್ಧಿ ಮಂಡಳಿಯವರು 2011ರಲ್ಲಿ ಕೇರಳದಲ್ಲಿ ತೆಂಗಿನ ಮರದ ಗೆಳೆಯರೆಂಬ ಹೆಸರಿನ ಆರು ದಿನಗಳ ತರಬೇತಿಯನ್ನು ಆರಂಭಿಸಿದರು. ಯಂತ್ರದಿಂದ ಮರ ಹತ್ತುವುದರ ಜೊತೆಗೆ ಮರದ ರೋಗಗಳನ್ನು ಗುರುತಿಸುವುದನ್ನೂ ಗಿರಾಕಿಗಳೊಡನೆ ವ್ಯವಹರಿಸುವುದನ್ನೂ ಕಲಿಸಿದುದರಿಂದ, ಯುವಕರೂ ಕೆಲವು ಹೆಂಗಸರೂ ಕೂಲಿಯವರಾಗಿರದೆ ಸ್ವಂತ ಕಸಬಿನವರಾದರು. ಮಾವು, ಗೋಡಂಬಿಗಳಿಗೆ ಕಸಿ ಕಟ್ಟಲು ಕಲಿತ ಆಳಿನ ಸ್ಥಿತಿಯೂ ಹಾಗೆಯೇ. ಕೆಲಸಗಾರನು ತಾನಾಗಿ ಕೇಳುವ ಪಾಠವನ್ನು, ಅದು ಲೆಕ್ಕ ಬರೆಯುವುದಾಗಿರಲಿ, ಪಂಪಿನ ದುರಸ್ತಿಯಾಗಿರಲಿ, ಒಡೆಯನ ಪಾಠಗಳ ನಡುವೆ ಒಂದಾದರೂ ಸೇರಿಸತಕ್ಕದ್ದು.

ಬರುವ ವರ್ಷದ ಪಾಠಗಳನ್ನು ಗೊತ್ತುಮಾಡಲು ಯುಗಾದಿಯ ಸುಮಾರಿನ ಬಿಡುವೇ ತಕ್ಕ ಕಾಲ. ಕೆಲಸಗಾರರನ್ನು ಕೂಡಿಸಿ, ಹಿಂದಿನ ವರ್ಷ ಯಾವ ಕೆಲಸವು ಕೆಟ್ಟಿತು, ಯಾರಿಗೆ ಪೆಟ್ಟಾಯಿತು, ಯಾವುದನ್ನು ಎರಡು ಸಲ ಮಾಡಬೇಕಾಯಿತು ಎಂದು ಕೇಳಿ, ದೊರೆತ ಉತ್ತರಗಳಲ್ಲಿ ಆರೇಳನ್ನು ಮಾತ್ರ ಇಟ್ಟುಕೊಂಡು, ಪ್ರತಿಯೊಂದನ್ನೂ ಆ ಕೆಲಸವು ಬರುವುದಕ್ಕೆ ಒಂದು ವಾರ ಮುಂಚಿನ ದಿನದ ಮೇಲೆ ಗೋಡೆಯ ಪಂಚಾಂಗದಲ್ಲಿ ಗುರುತುಮಾಡುವುದು. ಅಡಿಕೆಯ ತೋಟದವರು ಕತ್ತಿಯ ಪರೀಕ್ಷೆಯನ್ನು ಮೇ ತಿಂಗಳ ಮೂರನೆಯ ವಾರಕ್ಕೆ ಹಾಕಿಕೊಳ್ಳಬಹುದು. ಮೊದಲನೆಯ ಸಿಂಪರಣೆಯು ಮುಂಗಾರು ಹಿಡಿಯುವುದಕ್ಕೆ ಮುಂಚೆ ಮುಗಿಯಬೇಕು, ಎರಡನೆಯದು ನಲವತ್ತು ನಲವತ್ತೈದು ದಿನಗಳ ಮೇಲೆ, ಅದಕ್ಕೆ ಮುಂಚೆ ಮತ್ತೊಮ್ಮೆ ಕತ್ತಿಯನ್ನು ಅದ್ದಿಸಿ ನೋಡುವುದು.