ಮೊಟ್ಟೆ ಬಿರಿಯುವ ಮುನ್ನಿನ ಎರಡು ದಿನ

ಬಾತುಕೋಳಿಯ ಮೊಟ್ಟೆ ಮರಿಯಾಗಲು 28 ದಿನ ಬೇಕು, ಕೋಳಿಮೊಟ್ಟೆಗೆ 21 ದಿನ ಸಾಕು. ಆದರೂ ಕಾವಿಗೆ ಕೂತ ನಾಟಿಕೋಳಿಯ ಅಡಿಯಲ್ಲಿ ಬಾತಿನ ಮೊಟ್ಟೆ ಇಟ್ಟು ಮರಿ ಮಾಡಿಸುವುದು ನಮ್ಮಲ್ಲೂ ಪಕ್ಕದ ಕೇರಳದಲ್ಲೂ ಹಳೆಯ ರೂಢಿ. ಕೋಳಿ ದಿನ ಎಣಿಸುವುದಿಲ್ಲ. ಹೊಟ್ಟೆಯಡಿ ಮೊಟ್ಟೆ ತಾಗುತ್ತಿರುವಷ್ಟು ಕಾಲ ಅದರ ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಇಳಿಯುವುದಿಲ್ಲ. ಹಾಗಾಗಿ ಹೆಚ್ಚಿನ ಒಂದು ವಾರವನ್ನೂ ಅದು ಸಾಮಾನ್ಯವಾಗಿ ಕೂತೇ ಕಳೆಯುತ್ತದೆ. ಬಾತಿನ ಮೊಟ್ಟೆ ದೊಡ್ಡದು, ಭಾರ. ಕೋಳಿಗೆ ಅದನ್ನು ಹೊರಳಿಸುವುದು ಕಷ್ಟವಾದಾಗ ಸಾಕುವವರೇ ಕೈಯಿಂದ ಹೊರಳಿಸುತ್ತಾರೆ. ಕಾಡುಬಾತು ನೀರಿನಿಂದ ಎದ್ದು ಒದ್ದೆ ಗರಿಯಲ್ಲೇ ಗೂಡಿಗೆ ಮರಳುವುದುಂಟು. ಕೋಳಿಯ ಗರಿ ಒಣಗಿಯೇ ಇರುವುದರಿಂದ ಕೊನೆಯ ದಿನಗಳಲ್ಲಿ ಮೊಟ್ಟೆಗೆ ಉಗುರುಬೆಚ್ಚನೆಯ ನೀರು ಚಿಮುಕಿಸುವವರೂ ಇದ್ದಾರೆ.

ಸಾಕುಬಾತು ತಾನೇ ಯಾಕೆ ಕಾವಿಗೆ ಕೂರುವುದಿಲ್ಲ? ಕೂರುವ ಗುಣವನ್ನು ಮನುಷ್ಯರೇ ತಳಿಯಿಂದ ತೆಗೆದುಹಾಕಿದ್ದಾರೆ. ಬೆಂಗಳೂರಿನ ಹೆಸರಘಟ್ಟದ ಕೇಂದ್ರೀಯ ಕುಕ್ಕುಟ ಸಂಸ್ಥೆಯ ಮೂಲಕ ನಮ್ಮ ರೈತರಿಗೆ ಪರಿಚಯವಾದ ಖಾಕಿ ಕ್ಯಾಂಪ್‌ಬೆಲ್ ತಳಿಯನ್ನೇ ನೋಡಿ. ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ ಅಡೆಲ್ ಕ್ಯಾಂಪ್‌ಬೆಲ್ ಎಂಬಾಕೆ 19ನೇ ಶತಮಾನ ಮುಗಿಯುವ ಹೊತ್ತಿಗೆ ರೂಪಿಸಿದ ತಳಿ ಇದು. ಚೆನ್ನಾಗಿ ಸಾಕಿದರೆ ವರ್ಷಕ್ಕೆ 300ರ ಆಸುಪಾಸು ಮೊಟ್ಟೆ ಇಡುತ್ತದೆ. ಕಾವಿಗೆ ಕೂತ ಹಕ್ಕಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ. ಆದ್ದರಿಂದ ಕಾವಿಗೆ ಕೂರದವುಗಳನ್ನೇ ತಲೆಮಾರುಗಟ್ಟಲೆ ಆಯ್ದುಕೊಂಡಾಗ ತಾಯ್ತನವೇ ಸವೆದುಹೋಯಿತು. ಆ ಕೆಲಸ ಈಗ ಕೋಳಿಗೆ ಅಥವಾ ಕಾವು ಕೊಡುವ ಯಂತ್ರವಾದ ಇನ್‌ಕ್ಯುಬೇಟರಿಗೆ ಬಿದ್ದಿದೆ.

ವಿದ್ಯುತ್ ಇಲ್ಲದ ಕಾಲದಲ್ಲೂ ಸಾವಿರಗಟ್ಟಲೆ ಬಾತಿನ ಮರಿ ಮಾಡಿಸುತ್ತಿದ್ದವರು ಚೀನಾ, ವಿಯೆಟ್ನಾಂ, ಬಾಲಿ ದ್ವೀಪದ ಕಡೆಯ ಭತ್ತ ಬೆಳೆಯುವ ಜನ. ಅವರ ಬಳಿ ಇದ್ದದ್ದು ಬಿದಿರಿನ ಬುಟ್ಟಿ, ಬಟ್ಟೆ ಮತ್ತು ಭತ್ತದ ಹೊಟ್ಟು. ಮೊದಲ ಸರದಿಯ ಮೊಟ್ಟೆಗಳನ್ನು ಬಿಸಿಲಿಗಿಟ್ಟೋ ಹುರಿದ ಭತ್ತದ ಶಾಖ ಕೊಟ್ಟೋ ಬೆಚ್ಚಗಾಗಿಸುತ್ತಾರೆ. ಎರಡು ವಾರ ಕಳೆದ ಮೇಲೆ ಒಳಗಿನ ಭ್ರೂಣ ಬೆಳೆದು, ಅದರ ಮೈಯೇ ಶಾಖ ಹೊರಸೂಸತೊಡಗುತ್ತದೆ. ಆಗ ಹಳೆಯ ಮೊಟ್ಟೆಗಳ ಗಂಟಿನ ಪಕ್ಕ ಹೊಸ ಮೊಟ್ಟೆಗಳ ಗಂಟು ಇಟ್ಟು, ಸುತ್ತ ಹೊಟ್ಟು ತುಂಬುತ್ತಾರೆ. ಹೊಟ್ಟು ಶಾಖವನ್ನು ಹೊರಗೆ ಬಿಡುವುದಿಲ್ಲ, ಹಳೆಯವು ಹೊಸದಕ್ಕೆ ಕಾವು ಕೊಡುತ್ತವೆ. ಥರ್ಮಾಮೀಟರ್ ಇಲ್ಲ. ಮೊಟ್ಟೆಯನ್ನು ಮುಚ್ಚಿದ ಕಣ್ಣಿನ ರೆಪ್ಪೆಗೆ ಒತ್ತಿ, ಶಾಖದ ಸಣ್ಣ ವ್ಯತ್ಯಾಸವನ್ನೂ ಗುರುತಿಸುವಂತೆ ಪಳಗಿದ ಕೆಲಸಗಾರರಿರುತ್ತಿದ್ದರು. ಭ್ರೂಣವನ್ನು ಶಾಖದ ಮೂಲವಾಗಿ ಕಂಡುಕೊಂಡ ಆ ತಿಳಿವು ನನಗೆ ಯಾವ ಯಂತ್ರಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ.

ಯಂತ್ರದೊಳಗೆ ಬೇಕಾದ ಉಷ್ಣತೆ ಸುಮಾರು 37.5 ಡಿಗ್ರಿ ಸೆಲ್ಸಿಯಸ್. ದಿನಕ್ಕೆ ಹಲವು ಬಾರಿ ಮೊಟ್ಟೆ ಹೊರಳಿಸಬೇಕು, ಇಲ್ಲವಾದರೆ ಭ್ರೂಣ ಚಿಪ್ಪಿನ ಒಳಪೊರೆಗೆ ಅಂಟಿಕೊಳ್ಳುತ್ತದೆ. ಒಂದು ವಾರದ ಹೊತ್ತಿಗೆ ಕತ್ತಲಲ್ಲಿ ಟಾರ್ಚಿಗೆ ಹಿಡಿದು ನೋಡಿದರೆ ಕೆಂಪು ರಕ್ತನಾಳಗಳು ಕಾಣುತ್ತವೆ. ಏನೂ ಕಾಣದ ಮೊಟ್ಟೆ ಫಲಿತಗೊಂಡಿಲ್ಲವೆಂದು ತೆಗೆಯಬಹುದು. ಇವೆಲ್ಲ ಯಾವ ಕೈಪಿಡಿಯಲ್ಲೂ ಸಿಗುತ್ತವೆ.

ಹೆಚ್ಚು ಜನ ಯೋಚಿಸದಿರುವುದು ಮೊಟ್ಟೆಯ ಉಸಿರಾಟದ ಬಗ್ಗೆ. ಗಟ್ಟಿಯಾಗಿ ಕಾಣುವ ಆ ಚಿಪ್ಪಿನಲ್ಲಿ ಸಾವಿರಾರು ರಂಧ್ರಗಳಿವೆ. 60 ಗ್ರಾಮಿನ ಒಂದು ಕೋಳಿಮೊಟ್ಟೆ ಮರಿಯಾಗುವಷ್ಟರಲ್ಲಿ ಸುಮಾರು 6 ಲೀಟರ್ ಆಮ್ಲಜನಕ ಒಳಗೆಳೆದುಕೊಂಡು, 4.5 ಲೀಟರ್ ಇಂಗಾಲದ ಡೈಆಕ್ಸೈಡ್ ಮತ್ತು 11 ಲೀಟರ್ ನೀರಾವಿ ಹೊರಬಿಡುತ್ತದೆ ಎಂದು ವಿಜ್ಞಾನಿ ಹರ್ಮನ್ ರಾನ್ ಮತ್ತು ಅವರ ಸಂಗಾತಿಗಳು ಅಳೆದು ತೋರಿಸಿದ್ದರು. ಹೀಗೆ ನೀರು ಹೋಗುವುದು ನಷ್ಟವಲ್ಲ. ಹೋದ ನೀರಿನ ಜಾಗದಲ್ಲಿ, ಮೊಟ್ಟೆಯ ದಪ್ಪ ತುದಿಯಲ್ಲಿ ಗಾಳಿಯ ಕೋಣೆಯೊಂದು ದೊಡ್ಡದಾಗುತ್ತ ಹೋಗುತ್ತದೆ. ಮರಿ ಹೊರಬರುವ ಹೊತ್ತಿಗೆ ಮೊಟ್ಟೆಯ ತೂಕ ನೂರಕ್ಕೆ 12ರಿಂದ 15ರಷ್ಟು ಇಳಿದಿರಬೇಕು. ಇನ್‌ಕ್ಯುಬೇಟರಿನಲ್ಲಿ ತೇವ ಅತಿಯಾದರೆ ಈ ಕೋಣೆ ಬೆಳೆಯುವುದೇ ಇಲ್ಲ. ಆಗ ಪೂರ್ತಿ ಬೆಳೆದ ಮರಿ ಮೊದಲ ಉಸಿರಿಗೆ ಗಾಳಿ ಸಾಲದೆ ಒಳಗೇ ಸಾಯುತ್ತದೆ.

ಆ ಮೊದಲ ಉಸಿರು ಬರುವುದು ಚಿಪ್ಪು ಒಡೆಯುವುದಕ್ಕೂ ಮೊದಲು. ಅಲ್ಲಿಯವರೆಗೆ ಚಿಪ್ಪಿನ ಒಳಮೈಗೆ ಹರಡಿಕೊಂಡ ರಕ್ತನಾಳಗಳ ಪೊರೆಯೇ ಮರಿಯ ಶ್ವಾಸಕೋಶ. ಬಾತಿನ ಮೊಟ್ಟೆಯಲ್ಲಿ 26ನೇ ದಿನದ ಸುಮಾರಿಗೆ ಬೆಳೆದ ಮರಿಯ ಬೇಡಿಕೆಗೆ ರಂಧ್ರಗಳಿಂದ ಬರುವ ಆಮ್ಲಜನಕ ಸಾಲದಾಗುತ್ತದೆ, ಒಳಗೆ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಕುತ್ತಿಗೆಯ ಹಿಂಭಾಗದ ಸ್ನಾಯು ಬಿಗಿದು, ಕೊಕ್ಕು ಪೊರೆಯನ್ನು ಚುಚ್ಚಿ ಗಾಳಿಯ ಕೋಣೆಗೆ ನುಗ್ಗುತ್ತದೆ. ಶ್ವಾಸಕೋಶ ಮೊದಲ ಬಾರಿ ತೆರೆದುಕೊಳ್ಳುತ್ತದೆ. ಆಮೇಲೆ, ಕೊಕ್ಕಿನ ತುದಿಯಲ್ಲಿರುವ ಪುಟ್ಟ ಗಟ್ಟಿ ಮೊನೆಯಿಂದ ಚಿಪ್ಪಿಗೆ ಒಂದು ಬಿರುಕು ಬೀಳುತ್ತದೆ. ಅಲ್ಲಿಗೆ ಎಲ್ಲ ನಿಂತಂತೆ ತೋರುತ್ತದೆ. ಹನ್ನೆರಡು ಗಂಟೆ, ಇಪ್ಪತ್ನಾಲ್ಕು ಗಂಟೆ, ಕೆಲವೊಮ್ಮೆ ಎರಡು ದಿನವೇ ಕಳೆದರೂ ಮರಿ ಹೊರಬರುವುದಿಲ್ಲ.

ಹೊಸದಾಗಿ ಸಾಕುವವರು ಎಡವುವುದು ಇಲ್ಲಿಯೇ. ಪಾಪ, ಸಿಕ್ಕಿಹಾಕಿಕೊಂಡಿದೆ ಎಂದು ಉಗುರಿನಿಂದ ಚಿಪ್ಪು ಬಿಡಿಸಲು ಹೊರಡುತ್ತಾರೆ. ಮರಿ ಸುಮ್ಮನೆ ಬಿದ್ದಿರುವುದಿಲ್ಲ. ಪೊರೆಯ ರಕ್ತನಾಳಗಳಲ್ಲಿ ಹರಡಿದ್ದ ರಕ್ತ ಈ ಅವಧಿಯಲ್ಲಿ ಮೆಲ್ಲಗೆ ಮರಿಯ ಮೈಗೆ ಮರಳುತ್ತಿರುತ್ತದೆ. ಹೊಟ್ಟೆಯ ಹೊರಗಿದ್ದ ಹಳದಿ ಲೋಳೆಯ ಚೀಲ ಹೊಕ್ಕುಳಿನ ಮೂಲಕ ಒಳಗೆ ಸೇರುತ್ತಿರುತ್ತದೆ. ಇವು ಮುಗಿಯುವ ಮುನ್ನ ಚಿಪ್ಪು ಬಿಡಿಸಿದರೆ ರಕ್ತನಾಳ ಹರಿದು ಮರಿ ಸಾಯಬಹುದು. ಬದುಕಿದರೂ ಒಳಸೇರದ ಲೋಳೆಚೀಲಕ್ಕೆ ಸೋಂಕು ತಗಲುತ್ತದೆ. ಕಾತರದಿಂದ ಪದೇ ಪದೇ ಇನ್‌ಕ್ಯುಬೇಟರಿನ ಮುಚ್ಚಳ ತೆರೆಯುವುದೂ ಅಷ್ಟೇ ಅಪಾಯ. ಒಳಗಿನ ತೇವ ಹಾರಿ, ಪೊರೆ ಒಣಗಿ ಮರಿಯ ಮೈಗೆ ಬಿಗಿಯಾಗಿ ಅಂಟುತ್ತದೆ, ಅದು ತಿರುಗಲಾರದು. ಕೊನೆಯ ಮೂರು ದಿನ ಮೊಟ್ಟೆ ಹೊರಳಿಸದೆ, ತೇವವನ್ನು ನೂರಕ್ಕೆ 70ರ ಮೇಲಿಟ್ಟು ಕೈ ಹಿಂದೆಗೆದುಕೊಳ್ಳುವುದೇ ಆಗ ಮಾಡಬಹುದಾದ ಆರೈಕೆ. ಸಿದ್ಧವಾದ ಮರಿ ಒಳಗೇ ಸುತ್ತ ತಿರುಗುತ್ತ ದಪ್ಪ ತುದಿಯನ್ನು ಡಬ್ಬಿಯ ಮುಚ್ಚಳದಂತೆ ಕತ್ತರಿಸಿ ತಳ್ಳುತ್ತದೆ. ಒಳಸೇರಿದ ಲೋಳೆ ಎರಡು ದಿನಕ್ಕೆ ಸಾಕಾಗುವ ಬುತ್ತಿ. ಹಾಗಾಗಿ ಹೊರಬಂದ ಮರಿಗೆ ಆ ಕ್ಷಣವೇ ಮೇವು ಬೇಕಿಲ್ಲ, ಇನ್‌ಕ್ಯುಬೇಟರಿನಲ್ಲೇ ಮೈ ಒಣಗಲಿ.

ಮರಿ ಹೊರಬರುವ ಮುನ್ನಿನ ಈ ದಿನಗಳಲ್ಲಿ ಮೊಟ್ಟೆಯೊಳಗಿಂದ ದನಿಯೂ ಕೇಳುತ್ತದೆ. ಅಮೆರಿಕದ ವಿಜ್ಞಾನಿ ಗಿಲ್ಬರ್ಟ್ ಗಾಟ್‌ಲೀಬ್ ತಮ್ಮ ಬದುಕಿನ ಬಹುಭಾಗ ಅಭ್ಯಾಸ ಮಾಡಿದ್ದು ಇದನ್ನೇ. ತಾಯಿಯ ದನಿ ಒಮ್ಮೆಯೂ ಕೇಳದೆ ಇನ್‌ಕ್ಯುಬೇಟರಿನಲ್ಲಿ ಹುಟ್ಟಿದ ಬಾತಿನ ಮರಿಗಳು ಕೋಳಿಯ ಕರೆಯನ್ನು ಬಿಟ್ಟು ಬಾತಿನ ಕರೆಯ ಕಡೆಗೇ ಓಡುತ್ತಿದ್ದವು. ಇದು ಹುಟ್ಟುಗುಣ ಎಂದು ಯಾರಾದರೂ ಸುಮ್ಮನಾಗುತ್ತಿದ್ದರು. ಗಾಟ್‌ಲೀಬ್ ಭ್ರೂಣಗಳ ದನಿಯನ್ನೇ ಅಡಗಿಸಿ, ಒಂದೊಂದನ್ನೂ ಒಂಟಿಯಾಗಿಟ್ಟು ನೋಡಿದರು. ಹಾಗೆ ಹುಟ್ಟಿದ ಮರಿಗಳು ಬಾತಿನ ಕರೆಗೂ ಕೋಳಿಯ ಕರೆಗೂ ಭೇದ ಕಾಣದಾದವು. ಮೊಟ್ಟೆಯೊಳಗೆ ತನ್ನ ಮತ್ತು ಒಡಹುಟ್ಟಿದವರ ಚಿಲಿಪಿಲಿ ಕೇಳಿಸಿಕೊಂಡೇ ಮರಿಯ ಕಿವಿ ತಾಯಿಯ ದನಿಗೆ ಹದಗೊಳ್ಳುತ್ತದೆ. ಹುಟ್ಟುಗುಣ ಮತ್ತು ಕಲಿಕೆಯ ನಡುವೆ ನಾವು ಎಳೆಯುವ ಗೆರೆ ಇಷ್ಟು ತೆಳು ಎಂಬುದನ್ನು ಬೇರಾವ ಪ್ರಯೋಗವೂ ನನಗೆ ಇಷ್ಟು ಸ್ಪಷ್ಟವಾಗಿ ತೋರಿಸಿಲ್ಲ.

ಹೊರಬಂದ ಮೇಲೆ ಕಣ್ಣಿನ ಸರದಿ. ಮೊದಲು ಕಂಡ ಚಲಿಸುವ ವಸ್ತುವನ್ನು ಮರಿ ತಾಯಿಯೆಂದು ಹಿಂಬಾಲಿಸುವುದನ್ನು ಹೆಬ್ಬಾತುಗಳಲ್ಲಿ ವಿವರಿಸಿದ ಕಾನ್ರಾಡ್ ಲೊರೆನ್ಝ್ 1973ರಲ್ಲಿ ನೊಬೆಲ್ ಹಂಚಿಕೊಂಡರು. ಬಾತಿನ ಮರಿಯಲ್ಲಿ ಈ ಅಚ್ಚು ಹೆಚ್ಚು ಗಾಢವಾಗಿ ಬೀಳುವುದು ಹುಟ್ಟಿದ 13ರಿಂದ 16 ಗಂಟೆಗಳ ನಡುವೆ ಎಂದು ವಿಜ್ಞಾನಿ ಎಕಾರ್ಡ್ ಹೆಸ್ ಕಂಡುಕೊಂಡರು. ಒಂಟಿ ಮರಿಯನ್ನು ಸಾಕಿದರೆ ಅದು ನಿಮಗೇ ಅಂಟಿಕೊಂಡು, ನೀವು ಕಣ್ಮರೆಯಾದಾಗಲೆಲ್ಲ ಅರಚುವುದು ಇದರಿಂದಲೇ. ಜೊತೆಗೆ ಇನ್ನೊಂದು ಮರಿಯಾದರೂ ಇರಲಿ.

ಮೊದಲ ವಾರ ಮರಿಗಳಿಗೆ ಸುಮಾರು 32 ಡಿಗ್ರಿ ಬೆಚ್ಚಗಿರಬೇಕು, ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬಹುದು. ಬಲ್ಬಿನಡಿ ಒತ್ತೊತ್ತಾಗಿ ಮುದುಡಿದ್ದರೆ ಚಳಿ, ಮೂಲೆಗೆ ಸರಿದು ಬಾಯ್ತೆರೆದಿದ್ದರೆ ಸೆಕೆ. ನೀರು ಮೂಗಿನ ಹೊಳ್ಳೆ ಮುಳುಗುವಷ್ಟು ಆಳವಿರಲಿ, ಈಜುವಷ್ಟು ಬೇಡ. ನೀರಿಲ್ಲದೆ ಒಣ ಹಿಟ್ಟು ಇಟ್ಟರೆ ಗಂಟಲಿಗೆ ಸಿಕ್ಕುತ್ತದೆ. ನೆಲಕ್ಕೆ ನುಣುಪು ಕಾಗದ ಹಾಸಿದರೆ ಕಾಲು ಜಾರಿ ಅಗಲುತ್ತದೆ, ಗೋಣಿತಾಟು ಒಳ್ಳೆಯದು.

ಮೇವಿನ ವಿಷಯದಲ್ಲಿ ಎರಡು ಸಂಗತಿ ಗಂಭೀರ. ಒಂದು, ನಯಾಸಿನ್. ಬಾತಿನ ದೇಹ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲದಿಂದ ಈ ಜೀವಸತ್ವವನ್ನು ತಯಾರಿಸಿಕೊಳ್ಳುವುದರಲ್ಲಿ ಹಿಂದೆ. ಅದಕ್ಕೆ ಕಿಲೋ ಮೇವಿಗೆ ಸುಮಾರು 55 ಮಿಲಿಗ್ರಾಂ ಬೇಕು, ಇದು ಕೋಳಿಮರಿಯ ಅಗತ್ಯಕ್ಕಿಂತ ಹೆಚ್ಚು. ಬರೀ ಕೋಳಿಮರಿಯ ಮೇವು ತಿಂದ ಬಾತಿನ ಮರಿಯ ಕಾಲು ಬಿಲ್ಲಾಗಿ ಬಾಗುವುದುಂಟು. ಜೋಳವನ್ನೇ ನೆಚ್ಚಿದ ದಖ್ಖನ್ ಸೀಮೆಯ ಬಡವರಲ್ಲಿ ಪೋಷಣಾ ವಿಜ್ಞಾನಿ ಸಿ. ಗೋಪಾಲನ್ ಅವರು ಅಧ್ಯಯನ ಮಾಡಿದ ಪೆಲಾಗ್ರ ರೋಗದ ಹಿಂದೆಯೂ ಇದೇ ಜೀವಸತ್ವದ ಕೊರತೆ ಇತ್ತು. ಮೇವಿಗೆ ಸ್ವಲ್ಪ ಬ್ರೂವರ್ಸ್ ಯೀಸ್ಟ್ ಬೆರೆಸಿದರೆ ಮರಿಯ ಕೊರತೆ ನೀಗುತ್ತದೆ.

ಇನ್ನೊಂದು, ಬೂಷ್ಟು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿಕೋಳಿಗಳು, ಅವುಗಳೊಂದಿಗೆ ಬಾತಿನ ಮರಿಗಳೂ ಸತ್ತವು. ಬ್ರೆಜಿಲ್‌ನಿಂದ ತರಿಸಿದ ಶೇಂಗಾ ಹಿಂಡಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಬೆಳೆದು ಬಿಟ್ಟ ವಿಷ ಯಕೃತ್ತನ್ನು ಹಾಳುಮಾಡಿತ್ತು. ಅದೇ ಅಫ್ಲಾಟಾಕ್ಸಿನ್. ಈ ವಿಷಕ್ಕೆ ಒಂದು ದಿನದ ಬಾತಿನ ಮರಿ ಎಷ್ಟು ಸೂಕ್ಷ್ಮವೆಂದರೆ, ಹಿಂಡಿಯಲ್ಲಿ ವಿಷವಿದೆಯೇ ಎಂದು ತಿಳಿಯಲು ಪ್ರಯೋಗಾಲಯಗಳು ಮೊದಮೊದಲು ಈ ಮರಿಗಳನ್ನೇ ಬಳಸುತ್ತಿದ್ದವು. ಶೇಂಗಾ ಹಿಂಡಿ, ಮೆಕ್ಕೆಜೋಳ ಎರಡೂ ನಮ್ಮಲ್ಲಿ ಅಗ್ಗವಾಗಿ ಸಿಗುವ ಮೇವು. ಮಳೆಗಾಲದ ತೇವದಲ್ಲಿ ಎರಡಕ್ಕೂ ಈ ಬೂಷ್ಟು ಹಿಡಿಯುತ್ತದೆ. ಬಿಸಿಲಿಗೆ ಹಾಕಿ ಒಣಗಿಸಿದರೂ, ಬೇಯಿಸಿದರೂ ವಿಷ ಪೂರ್ತಿ ಹೋಗುವುದಿಲ್ಲ. ಮೇವನ್ನು ವಾರಕ್ಕೆ ಬೇಕಾಗುವಷ್ಟೇ ತಂದು, ನೆಲಕ್ಕೆ ತಾಗದಂತೆ ಒಣ ಜಾಗದಲ್ಲಿಡಬೇಕು. ಮುಗ್ಗಲು ವಾಸನೆ ಬಂದ ಹಿಂಡಿಯನ್ನು ಮರಿಗೂ ದೊಡ್ಡ ಬಾತಿಗೂ ಹಾಕಬಾರದು, ದನಕ್ಕೂ ಹಾಕಬಾರದು. ಹಸು ತಿಂದ ಆ ವಿಷದ ಒಂದು ಅಂಶ ಹಾಲಿಗೂ ಇಳಿಯುತ್ತದೆ.