ವಾರ್ಡಿನಲ್ಲಿ ಹುಟ್ಟುವ ಪ್ರಶ್ನೆಗಳು

1981ರ ಮಾತು. ಆಸ್ಟ್ರೇಲಿಯಾದ ಪರ್ತ್ ನಗರದ ರಾಯಲ್ ಪರ್ತ್ ಆಸ್ಪತ್ರೆಯಲ್ಲಿ ಬ್ಯಾರಿ ಮಾರ್ಷಲ್ ಎಂಬ ಮೂವತ್ತು ವರ್ಷದ ವೈದ್ಯರೊಬ್ಬರು ತರಬೇತಿಯಲ್ಲಿದ್ದರು. ತರಬೇತಿಯ ಅಂಗವಾಗಿ ಒಂದು ಸಣ್ಣ ಸಂಶೋಧನೆ ಮಾಡಬೇಕಿತ್ತು. ವಿಷಯ ಹುಡುಕುತ್ತ ಅವರು ಹೋಗಿ ತಲುಪಿದ್ದು ಅದೇ ಆಸ್ಪತ್ರೆಯ ರೋಗಶಾಸ್ತ್ರಜ್ಞ ರಾಬಿನ್ ವಾರೆನ್ ಅವರ ಬಳಿಗೆ. ಜಠರದಿಂದ ತೆಗೆದ ಮಾಂಸದ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ವಾರೆನ್ ಅವರ ದಿನನಿತ್ಯದ ಕೆಲಸ. ಅವುಗಳಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯಾಗಳು 1979ರಿಂದಲೂ ಅವರ ಕಣ್ಣಿಗೆ ಬೀಳುತ್ತಿದ್ದವು. ಆದರೆ ಅದನ್ನು ಹೇಳಿದರೆ ಕೇಳುವವರು ಹೆಚ್ಚಿರಲಿಲ್ಲ. ಜಠರದ ಆಮ್ಲದಲ್ಲಿ ಯಾವ ಸೂಕ್ಷ್ಮಜೀವಿಯೂ ಬದುಕದು, ಹೊಟ್ಟೆಯ ಹುಣ್ಣಿಗೆ ಚಿಂತೆ, ಖಾರ ಮತ್ತು ಆಮ್ಲವೇ ಕಾರಣ ಎಂಬುದು ಆ ಕಾಲದ ನಂಬಿಕೆ.

ಇಬ್ಬರೂ ಕೂಡಿ ನೂರು ರೋಗಿಗಳ ಅಧ್ಯಯನಕ್ಕೆ ಕೈಹಾಕಿದರು. ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸುವ ಪ್ರಯತ್ನ ಮೊದಲ ಮೂವತ್ತಕ್ಕೂ ಹೆಚ್ಚು ರೋಗಿಗಳ ಮಾದರಿಗಳಲ್ಲಿ ವಿಫಲವಾಯಿತು. ಎರಡು ದಿನದಲ್ಲಿ ಏನೂ ಬೆಳೆಯದಿದ್ದರೆ ತಟ್ಟೆಯನ್ನು ಎಸೆದುಬಿಡುವುದು ಅಲ್ಲಿನ ಪದ್ಧತಿ. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳು ಎಸೆಯುವವರಿಲ್ಲದೆ ಐದಾರು ದಿನ ಹಾಗೆಯೇ ಉಳಿದವು. ರಜೆ ಮುಗಿಸಿ ಬಂದು ನೋಡಿದರೆ ಅವುಗಳಲ್ಲಿ ಬ್ಯಾಕ್ಟೀರಿಯಾ ಬೆಳೆದಿತ್ತು! ಅದು ನಿಧಾನವಾಗಿ ಬೆಳೆಯುವ ಜೀವಿ, ಅಷ್ಟೆ. ಇಂದು ಅದರ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ.

ಆದರೂ ಹಿರಿಯರು ಒಪ್ಪಲಿಲ್ಲ. 1983ರಲ್ಲಿ ಆಸ್ಟ್ರೇಲಿಯಾದ ಜಠರರೋಗ ತಜ್ಞರ ಸಮ್ಮೇಳನಕ್ಕೆ ಕಳಿಸಿದ ಪ್ರಬಂಧದ ಸಾರಾಂಶ ತಿರಸ್ಕೃತವಾಯಿತು. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ವಾಕರಿಕೆ, ವಾಂತಿ ಶುರುವಾಯಿತು. ಎಂಡೋಸ್ಕೋಪಿಯಲ್ಲಿ ಜಠರದ ಉರಿಯೂತ ಸ್ಪಷ್ಟವಾಗಿ ಕಂಡಿತು. ಜೀವನಪೂರ್ತಿ ಗುಳಿಗೆ ನುಂಗಬೇಕಾಗಿದ್ದ, ಕೆಲವೊಮ್ಮೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತಿದ್ದ ಹುಣ್ಣು ಕ್ರಮೇಣ ಒಂದೆರಡು ವಾರಗಳ ಆ್ಯಂಟಿಬಯಾಟಿಕ್ ಚಿಕಿತ್ಸೆಗೆ ಬಗ್ಗುವ ಕಾಯಿಲೆಯಾಯಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಸಂದಿತು.

ಈ ಕಥೆಯಲ್ಲಿ ಬ್ಯಾಕ್ಟೀರಿಯಾ ಕುಡಿದ ಪ್ರಸಂಗವನ್ನೇ ಎಲ್ಲರೂ ನೆನಪಿಡುತ್ತಾರೆ. ಆದರೆ ವಿದ್ಯಾರ್ಥಿಗಳು ನೆನಪಿಡಬೇಕಾದ ಸಂಗತಿ ಬೇರೆಯೇ ಇದೆ. ತರಬೇತಿಯಲ್ಲಿದ್ದ ಒಬ್ಬ ಕಿರಿಯ ವೈದ್ಯ, ಅವನ ಮಾತನ್ನು ಕೇಳಿಸಿಕೊಂಡ ಒಬ್ಬ ಹಿರಿಯ, ಪಠ್ಯಕ್ರಮ ವಿಧಿಸಿದ ಒಂದು ಸಣ್ಣ ಯೋಜನೆ: ಇಷ್ಟೇ ಇದ್ದದ್ದು.

ವಿದ್ಯಾರ್ಥಿಗಳ ಕೈಯಿಂದ

ಇಂಥ ಉದಾಹರಣೆ ಇದೊಂದೇ ಅಲ್ಲ. 1869ರಲ್ಲಿ ಬರ್ಲಿನ್ನಿನಲ್ಲಿ ಪೌಲ್ ಲ್ಯಾಂಗರ್‌ಹಾನ್ಸ್ ಎಂಬ ಇಪ್ಪತ್ತೊಂದರ ವೈದ್ಯವಿದ್ಯಾರ್ಥಿ ಮೇದೋಜೀರಕ ಗ್ರಂಥಿಯಲ್ಲಿ ದ್ವೀಪಗಳಂತೆ ಗುಂಪುಗೂಡಿದ ಜೀವಕೋಶಗಳನ್ನು ಗುರುತಿಸಿ ತನ್ನ ಪ್ರಬಂಧದಲ್ಲಿ ಬರೆದ. ಅವುಗಳ ಕೆಲಸವೇನೆಂದು ಅವನಿಗೆ ಗೊತ್ತಾಗಲಿಲ್ಲ. ಅರ್ಧ ಶತಮಾನ ಕಳೆದು 1921ರ ಬೇಸಿಗೆಯಲ್ಲಿ, ಕೆನಡಾದ ಟೊರಾಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಆ ದ್ವೀಪಗಳ ಸಾರವನ್ನು ಬೇರ್ಪಡಿಸಲು ಹೊರಟಾಗ ಅವರಿಗೆ ನೆರವಾದದ್ದು ಚಾರ್ಲ್ಸ್ ಬೆಸ್ಟ್ ಎಂಬ ಮತ್ತೊಬ್ಬ ವಿದ್ಯಾರ್ಥಿ. ಆತನಿಗಾಗ ಇಪ್ಪತ್ತೆರಡು ವರ್ಷ. ಹೊರಬಂದದ್ದು ಇನ್ಸುಲಿನ್. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಶೋಧದ ಮೂಲದಲ್ಲಿಯೂ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ವಿದ್ಯಾರ್ಥಿ ಜೇ ಮೆಕ್‌ಲೀನ್ 1916ರಲ್ಲಿ ಮಾಡಿದ ಕೆಲಸವಿದೆ.

ಇವರೆಲ್ಲ ಹುಟ್ಟಾ ಮೇಧಾವಿಗಳು, ನಮ್ಮ ಮಕ್ಕಳಿಗೆ ಇದು ಸಾಧ್ಯವೇ ಎಂದು ಕೇಳುವವರಿದ್ದಾರೆ. ಮೇಧಾಶಕ್ತಿಗಿಂತ ಮಿಗಿಲಾಗಿ ಇವರಿಗಿದ್ದ ಅನುಕೂಲವೆಂದರೆ ಸ್ಥಳ. ಪಾಠ ಹೇಳುವ ಆಸ್ಪತ್ರೆಯಲ್ಲಿ ರೋಗಿ, ಪ್ರಯೋಗಾಲಯ, ಗ್ರಂಥಾಲಯ, ಗುರು ನಾಲ್ಕೂ ಒಂದೇ ಆವರಣದಲ್ಲಿ ಸಿಗುತ್ತವೆ. ಜೊತೆಗೆ ಅಲ್ಲಿಗೆ ಪ್ರತಿವರ್ಷ ಹೊಸ ಕಣ್ಣುಗಳು ಬರುತ್ತವೆ. ಇಪ್ಪತ್ತು ವರ್ಷದಿಂದ ಅದೇ ವಾರ್ಡಿನಲ್ಲಿ ಓಡಾಡಿದವರಿಗೆ ಸಹಜವೆನಿಸಿದ್ದು ಹೊಸಬರಿಗೆ ‘ಹೀಗೇಕೆ?’ ಎನಿಸುತ್ತದೆ.

ಎಣಿಸಿದವನ ದುರಂತ

ಹೊಸ ಕಣ್ಣು ಮಾತ್ರ ಸಾಲದು ಎಂಬುದಕ್ಕೆ ವಿಯೆನ್ನಾದ ಇಗ್ನಾಝ್ ಸೆಮ್ಮೆಲ್‌ವೈಸ್ ಸಾಕ್ಷಿ. ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ 1846ರಲ್ಲಿ ಅವರು ಸಹಾಯಕ ವೈದ್ಯರಾದಾಗ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯವಿದ್ಯಾರ್ಥಿಗಳಿಗೆ ತರಬೇತಿ, ಇನ್ನೊಂದರಲ್ಲಿ ಸೂಲಗಿತ್ತಿಯರಿಗೆ. ಬಾಣಂತಿಯರು ನಂಜಿನಿಂದ ಸಾಯುತ್ತಿದ್ದುದು ಮೊದಲನೆಯದರಲ್ಲೇ ಬಹಳ ಹೆಚ್ಚು. ಸೆಮ್ಮೆಲ್‌ವೈಸ್ ಸಾವುಗಳನ್ನು ಎಣಿಸಿದರು, ಎರಡನ್ನೂ ಹೋಲಿಸಿದರು, ಒಂದೊಂದೇ ಕಾರಣವನ್ನು ತಳ್ಳಿಹಾಕುತ್ತ ಬಂದರು. ಶವಪರೀಕ್ಷೆಯ ಕೋಣೆಯಿಂದ ವಿದ್ಯಾರ್ಥಿಗಳು ನೇರವಾಗಿ ಹೆರಿಗೆ ವಾರ್ಡಿಗೆ ಬರುತ್ತಿದ್ದುದೇ ಮೂಲವೆಂದು ಗೊತ್ತಾಯಿತು. 1847ರ ಮೇ ತಿಂಗಳಿಂದ ಎಲ್ಲರೂ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯಬೇಕೆಂದು ಕಟ್ಟಪ್ಪಣೆ ಮಾಡಿದರು. ಏಪ್ರಿಲ್‌ನಲ್ಲಿ ಶೇ 18ರಷ್ಟಿದ್ದ ಸಾವಿನ ಪ್ರಮಾಣ ಜೂನ್ ಹೊತ್ತಿಗೆ ಶೇ 2ರ ಆಸುಪಾಸಿಗೆ ಇಳಿಯಿತು.

ಆದರೆ ಅವರು ಇದನ್ನು ಕ್ರಮವಾಗಿ ಪುಸ್ತಕರೂಪದಲ್ಲಿ ಬರೆದು ಪ್ರಕಟಿಸಿದ್ದು 1861ರಲ್ಲಿ, ಹದಿನಾಲ್ಕು ವರ್ಷ ತಡವಾಗಿ. ಅಷ್ಟರಲ್ಲಿ ವಿರೋಧ ಬೆಳೆದಿತ್ತು, ಮನಸ್ಸು ಮುರಿದಿತ್ತು. 1865ರಲ್ಲಿ ಮಾನಸಿಕ ಆಸ್ಪತ್ರೆಯೊಂದರಲ್ಲಿ ಅವರು ಸತ್ತರು. ಕಂಡುಹಿಡಿಯುವುದು ಎಷ್ಟು ಮುಖ್ಯವೋ ಅದನ್ನು ತಿಳಿಯಾಗಿ ಬರೆದು, ಇತರರು ಪರೀಕ್ಷಿಸುವಂತೆ ಮುಂದಿಡುವುದೂ ಅಷ್ಟೇ ಮುಖ್ಯ. ಬೆನ್ನಿಗೆ ನಿಲ್ಲುವ ಹಿರಿಯರು ಮಾರ್ಷಲ್‌ಗೆ ಇದ್ದರು. ಸೆಮ್ಮೆಲ್‌ವೈಸ್ ಪಾಲಿಗೆ ಅಂಥವರು ಸಾಕಷ್ಟು ಇರಲಿಲ್ಲ.

ಕಲಿಯಬಹುದಾದ ಕಸುಬು

ಸಂಶೋಧನೆಯೆಂಬುದು ಹುಟ್ಟಿನಿಂದ ಬರುವ ವರವಲ್ಲ. ಹೊಲಿಗೆ ಹಾಕುವುದನ್ನು, ನಾಡಿ ನೋಡುವುದನ್ನು ಕಲಿಯುವಂತೆಯೇ ಕಲಿಯಬಹುದಾದ ಕಸುಬು. ಅದರ ಮೊದಲ ಮೆಟ್ಟಿಲು ಪ್ರಶ್ನೆಯನ್ನು ಚಿಕ್ಕದು ಮಾಡಿಕೊಳ್ಳುವುದು.

ಒಬ್ಬ ವಿದ್ಯಾರ್ಥಿನಿಗೆ ಹಾವು ಕಡಿತದ ಬಗ್ಗೆ ಆಸಕ್ತಿ ಇದೆ ಎನ್ನೋಣ. ‘ಕರ್ನಾಟಕದಲ್ಲಿ ಹಾವು ಕಡಿತ’ ಎಂಬುದು ಎರಡು ತಿಂಗಳಲ್ಲಿ ಮುಗಿಯುವ ವಿಷಯವಲ್ಲ. ‘ನಮ್ಮ ಆಸ್ಪತ್ರೆಗೆ ಬಂದ ರೋಗಿಗಳು ಹಾವು ಕಚ್ಚಿದ ಎಷ್ಟು ಗಂಟೆಗಳ ನಂತರ ಬಂದರು, ಅದಕ್ಕೂ ಮೊದಲು ಎಲ್ಲಿಗೆ ಹೋಗಿದ್ದರು’ ಎಂದು ಕೇಳಿದರೆ ಕೆಲಸ ಕೈಗೆಟಕುತ್ತದೆ. ಇದಕ್ಕೆ ದುಬಾರಿ ಯಂತ್ರ ಬೇಡ; ಒಂದು ಪ್ರಶ್ನಾವಳಿ, ಒಂದು ಗಡಿಯಾರ, ರೋಗಿಯ ಮನೆಯವರೊಡನೆ ಮಾತಾಡುವ ತಾಳ್ಮೆ ಸಾಕು. ಆದರೆ ಇಲ್ಲೂ ಒಂದು ಬಲೆ ಇದೆ. ದಾರಿಯಲ್ಲೇ ಸತ್ತವರು, ಮಂತ್ರ ಹಾಕಿಸಿ ಮನೆಯಲ್ಲೇ ಉಳಿದವರು ಈ ಲೆಕ್ಕಕ್ಕೆ ಸಿಗುವುದೇ ಇಲ್ಲ. ಆಸ್ಪತ್ರೆಯ ಅಂಕಿಅಂಶ ಇಡೀ ಊರಿನ ಸತ್ಯವಲ್ಲ ಎಂಬ ವಿವೇಕ ಇಂಥ ಅನುಭವದಿಂದಲೇ ಬರುತ್ತದೆ.

ಎರಡನೆಯದು ನೀತಿ. ಕೆಲಸ ಶುರುವಾಗುವ ಮೊದಲೇ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಬೇಕು. ರೋಗಿಗೆ ಅವರ ಭಾಷೆಯಲ್ಲೇ ವಿವರಿಸಿ ಸಮ್ಮತಿ ಪಡೆಯಬೇಕು. ‘ಒಲ್ಲೆ’ ಎಂದವರ ಚಿಕಿತ್ಸೆಗೆ ಎಳ್ಳಷ್ಟೂ ಕುಂದು ಬರಬಾರದು. ಮಾರ್ಷಲ್ ತಮ್ಮ ಮೇಲೆ ಮಾಡಿಕೊಂಡ ಪ್ರಯೋಗಕ್ಕೆ ಯಾವ ಸಮಿತಿಯ ಒಪ್ಪಿಗೆಯನ್ನೂ ಕೇಳಿರಲಿಲ್ಲ; ಅದು ಅನುಕರಣೀಯವಲ್ಲ.

ಮೂರನೆಯದು ಲೆಕ್ಕ. ಎಷ್ಟು ರೋಗಿಗಳನ್ನು ನೋಡಬೇಕು, ಯಾವ ಸಂಖ್ಯಾಶಾಸ್ತ್ರೀಯ ಪರೀಕ್ಷೆ ಸರಿ ಎಂಬುದನ್ನು ಮಾಹಿತಿ ಸಂಗ್ರಹಿಸುವ ಮುನ್ನವೇ ತಜ್ಞರನ್ನು ಕೇಳಿ ನಿರ್ಧರಿಸಬೇಕು. ಮನೆ ಕಟ್ಟಿದ ಮೇಲೆ ಪಾಯ ತೋಡಲಾಗದು. ನಾಲ್ಕನೆಯದು ಬರವಣಿಗೆ. ಎಣಿಸಿದ ಉತ್ತರ ಬರದಿದ್ದರೂ ಬಂದದ್ದನ್ನೇ ಬರೆಯುವ ಪ್ರಾಮಾಣಿಕತೆ ಅದರ ಜೀವಾಳ.

ಯಾವ ಬೆಂಬಲವಿದೆ?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 1979ರಲ್ಲೇ ವೈದ್ಯವಿದ್ಯಾರ್ಥಿಗಳಿಗಾಗಿ ಅಲ್ಪಾವಧಿ ವಿದ್ಯಾರ್ಥಿವೇತನ ಯೋಜನೆಯನ್ನು ಆರಂಭಿಸಿತು. ವಿದ್ಯಾರ್ಥಿ ತನ್ನ ಕಾಲೇಜಿನ ಅಧ್ಯಾಪಕರೊಬ್ಬರನ್ನು ಗೈಡ್ ಆಗಿ ಒಪ್ಪಿಸಿ, ಯೋಜನೆಯ ರೂಪರೇಷೆ ಬರೆದು ಕಳಿಸಬೇಕು. ಆಯ್ಕೆಯಾದರೆ ಎರಡು ತಿಂಗಳ ಕೆಲಸ. ವರದಿ ಸ್ವೀಕೃತವಾದರೆ ವಿದ್ಯಾರ್ಥಿವೇತನ ಮತ್ತು ಪ್ರಮಾಣಪತ್ರ. ನಿಯಮ, ಮೊತ್ತ, ದಿನಾಂಕಗಳು ಬದಲಾಗುವುದುಂಟು. ಆದ್ದರಿಂದ ಆಯಾ ವರ್ಷದ ಪ್ರಕಟಣೆಯನ್ನು ನೋಡುವುದು ಕ್ಷೇಮ.

2019ರಲ್ಲಿ ಜಾರಿಗೆ ಬಂದ ಹೊಸ ಎಂಬಿಬಿಎಸ್ ಪಠ್ಯಕ್ರಮ ಐಚ್ಛಿಕ ಅವಧಿಯೊಂದನ್ನು ಸೇರಿಸಿತು. ಅದನ್ನು ಪ್ರಯೋಗಾಲಯದಲ್ಲಿ ಅಥವಾ ಸಂಶೋಧನಾ ಯೋಜನೆಯಲ್ಲಿ ಕಳೆಯಲು ಅವಕಾಶವಿದೆ. ಎಂಡಿ, ಎಂಎಸ್ ವಿದ್ಯಾರ್ಥಿಗಳು ಥೀಸಿಸ್ ಬರೆಯಲೇಬೇಕು. ಅವರಿಗಾಗಿ ಐಸಿಎಂಆರ್‌ನ ಚೆನ್ನೈ ಸಂಸ್ಥೆ ಸಂಶೋಧನಾ ವಿಧಾನದ ಮೂಲ ಕೋರ್ಸನ್ನು ಇಂಟರ್‌ನೆಟ್ ಮೂಲಕ ನಡೆಸುತ್ತ ಬಂದಿದೆ. ಕರ್ನಾಟಕದಲ್ಲಿ 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ ವಿದ್ಯಾರ್ಥಿಗಳ ಸಂಶೋಧನೆಗೆ ನೆರವು ನೀಡಿದೆ.

ಆದರೆ ಯೋಜನೆಗಳು ಕಾಗದದ ಮೇಲಿದ್ದರೆ ಸಾಲದು. ನೂರಾರು ರೋಗಿಗಳ ಸಾಲನ್ನು ಎದುರಿಸುವ ಅಧ್ಯಾಪಕರಿಗೆ ವಿದ್ಯಾರ್ಥಿಯ ಕರಡು ತಿದ್ದಲು ವಾರಕ್ಕೆ ಒಂದು ಗಂಟೆ ಬಿಡುವು ಬೇಕು. ಆ ಗಂಟೆ ಸಿಗದ ಕಡೆ ಥೀಸಿಸ್ ಎಂಬುದು ಹಳೆಯದನ್ನು ನಕಲು ಮಾಡಿ ಬೈಂಡ್ ಹಾಕಿಸುವ ಶಾಸ್ತ್ರವಾಗುತ್ತದೆ. ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳೂ ಹುಟ್ಟಿಕೊಂಡಿವೆ. ಅಂಥ ‘ಪ್ರಕಟಣೆ’ಯಿಂದ ವಿದ್ಯಾರ್ಥಿ ಕಲಿಯುವುದು ಮೋಸವನ್ನು ಮಾತ್ರ.

ಹೆತ್ತವರ ಆತಂಕ

‘ಸ್ನಾತಕೋತ್ತರ ಸೀಟು ಸಿಗುವುದು ಪ್ರವೇಶ ಪರೀಕ್ಷೆಯ ರ್‍ಯಾಂಕಿನಿಂದ. ಸಂಶೋಧನೆಗೆ ಅಲ್ಲಿ ಅಂಕವಿಲ್ಲ. ಮತ್ತೇಕೆ ಸಮಯ ಹಾಳು?’ ಎಂಬ ಹೆತ್ತವರ ಪ್ರಶ್ನೆ ಸುಳ್ಳಲ್ಲ. ಸಾಲ ಮಾಡಿ ಮಗಳನ್ನು ಓದಿಸುವ ಮನೆಗೆ ಇದು ಹೊಟ್ಟೆಪಾಡಿನ ಪ್ರಶ್ನೆಯೂ ಹೌದು. ಅದಕ್ಕೆ ಉತ್ತರ, ಎಲ್ಲರೂ ಸಂಶೋಧಕರಾಗಬೇಕಿಲ್ಲ ಎಂಬುದು. ಪರೀಕ್ಷೆ ಹತ್ತಿರವಿರುವ ವರ್ಷ ಇದಕ್ಕೆ ತಕ್ಕದ್ದೂ ಅಲ್ಲ. ಎರಡನೆಯ ವರ್ಷದ ರಜೆಯಲ್ಲಿ ಎರಡು ತಿಂಗಳು ಕೊಟ್ಟರೆ ನಷ್ಟವೇನೂ ಇಲ್ಲ. ಮುಂದೆ ಹಳ್ಳಿಯಲ್ಲಿ ಕ್ಲಿನಿಕ್ ಇಟ್ಟರೂ, ಔಷಧ ಕಂಪನಿಯ ಪ್ರತಿನಿಧಿ ತಂದಿಟ್ಟ ಹೊಳಪಿನ ಕರಪತ್ರವನ್ನು ನೋಡಿ ‘ಎಷ್ಟು ರೋಗಿಗಳ ಮೇಲೆ ಪರೀಕ್ಷಿಸಿದ್ದು? ಯಾವುದರ ಜೊತೆ ಹೋಲಿಸಿದ್ದು?’ ಎಂದು ಕೇಳುವ ವೈದ್ಯೆ ಆಕೆ ಆಗುತ್ತಾಳೆ. ಅದರ ಲಾಭ ರೋಗಿಗೆ.

ಉತ್ತರ ಬೇಕಿರುವ ಪ್ರಶ್ನೆಗಳಿಗೆ ನಮ್ಮಲ್ಲಿ ಬರವಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುವುದಕ್ಕೂ ಊರಿನವರ ಜ್ವರಕ್ಕೂ ನಂಟಿದೆಯೆಂದು ಗುರುತಿಸಿದ್ದರಿಂದಲೇ ಮಂಗನ ಕಾಯಿಲೆಯ ವೈರಸ್ ಜಗತ್ತಿಗೆ ತಿಳಿಯಿತು. ಸಾಗರದ ಹಂದಿಗೋಡು ತನ್ನ ಹೆಸರನ್ನೇ ಒಂದು ಕೀಲುರೋಗಕ್ಕೆ ಕೊಟ್ಟಿದೆ. ಕೋಲಾರ, ಪಾವಗಡದ ಕಡೆ ಕೊಳವೆಬಾವಿಯ ನೀರಿನ ಫ್ಲೋರೈಡು ಮಕ್ಕಳ ಹಲ್ಲಿನ ಮೇಲೆ ಕಲೆಯಾಗಿ ಕಾಣುತ್ತದೆ. ಇವನ್ನೆಲ್ಲ ದಿನವೂ ನೋಡುವವರು ನಮ್ಮ ಆಸ್ಪತ್ರೆಗಳ ಕಿರಿಯ ವೈದ್ಯರೇ.

ರೌಂಡ್ಸ್ ವೇಳೆ ಹಿಂದೆ ನಿಂತ ವಿದ್ಯಾರ್ಥಿಯೊಬ್ಬ ಅಂಜುತ್ತ ‘ಸರ್, ಇದು ಹೀಗೇಕೆ?’ ಎಂದಾಗ ಎರಡು ಬಗೆಯ ಉತ್ತರ ಸಾಧ್ಯ. ‘ಪುಸ್ತಕ ಓದು’ ಎಂಬುದು ಒಂದು. ‘ಗೊತ್ತಿಲ್ಲ, ನೋಡೋಣ, ಸಂಜೆ ನನ್ನ ಕೊಠಡಿಗೆ ಬಾ’ ಎಂಬುದು ಇನ್ನೊಂದು. ಈ ಎರಡನೆಯ ಉತ್ತರ ಕೊಡುವ ಮೇಷ್ಟರು ಯಾವ ಕಾಲೇಜಿನಲ್ಲಿದ್ದಾರೆ ಎಂಬುದನ್ನು, ಸೀಟು ಆರಿಸಿಕೊಳ್ಳುವಾಗ ಹೆತ್ತವರೂ ಮಕ್ಕಳೂ ಒಮ್ಮೆ ವಿಚಾರಿಸುವುದು ಒಳ್ಳೆಯದು.